ಅಪ್ಲಿಕೇಶನ್ ಸರ್ವರ್‌ನ ವೆಬ್ ಆಡಳಿತ ಕನ್ಸೋಲ್

ವೆಬ್ ಆಡಳಿತ ಕನ್ಸೋಲ್ ಎಂಬುದು ಅಪ್ಲಿಕೇಶನ್ ಸರ್ವರನ್ನು ಬ್ರೌಸರ್‌ನ ಮೂಲಕ ನಿರ್ವಹಿಸಲು ರೂಪಿಸಲಾದ ತಂತ್ರಾಂಶ. ಅನ್ವಯಿಕ ತಂತ್ರಾಂಶಗಳನ್ನು ನಡೆಸುತ್ತ, ಅವುಗಳಿಗೆ ಬೇಕಾದ ದತ್ತಸಂಚಯದ ಸಂಪರ್ಕ, ಸಂದೇಶ ರವಾನೆ, ಭದ್ರತೆ ಮೊದಲಾದ ಸೌಲಭ್ಯಗಳನ್ನು ಒದಗಿಸುವ ವ್ಯವಸ್ಥೆಯೇ ಅಪ್ಲಿಕೇಶನ್ ಸರ್ವರ್. ಜಾವಾ ಭಾಷೆಗೆ ಸಂಬಂಧಿಸಿದವುಗಳಲ್ಲಿ ವೆಬ್‌ಲಾಜಿಕ್, ವೈಲ್ಡ್‌ಫ್ಲೈ ಮತ್ತು ಗ್ಲಾಸ್‌ಫಿಶ್ ಪ್ರಸಿದ್ಧವಾಗಿವೆ. ಸರ್ವರನ್ನು ನಿಲ್ಲಿಸುವ, ಹೊಸ ತಂತ್ರಾಂಶವನ್ನು ಅದರಲ್ಲಿ ಸ್ಥಾಪಿಸುವ ಅಧಿಕಾರವೆಲ್ಲ ಒಂದು ವೆಬ್ ಪುಟದಲ್ಲಿ ಸೇರಿರುವುದರಿಂದ, ಕನ್ಸೋಲ್‌ನ ವಿನ್ಯಾಸದಲ್ಲಿ ಪರದೆಯ ಅಂದಕ್ಕಿಂತಲೂ ಯಾರು, ಎಲ್ಲಿಂದ, ಯಾವ ಕ್ರಮದಲ್ಲಿ ಬದಲಾವಣೆ ಮಾಡಬಹುದು ಎಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ.

ನಿರ್ವಹಣಾ ಮಾದರಿ

ಸರ್ವರ್‌ನ ವ್ಯವಸ್ಥಾಪನೆಯನ್ನು ಸಾಮಾನ್ಯವಾಗಿ ಎಕ್ಸ್‌ಎಂಎಲ್ ಕಡತಗಳಲ್ಲಿ ಬರೆದಿಡಲಾಗುತ್ತದೆ. ಕನ್ಸೋಲ್ ನೇರವಾಗಿ ಈ ಕಡತಗಳನ್ನು ತಿದ್ದತೊಡಗಿದರೆ, ಕಡತದಲ್ಲಿರುವುದು ಒಂದು, ನಡೆಯುತ್ತಿರುವ ಸರ್ವರ್‌ನ ಸ್ಥಿತಿ ಇನ್ನೊಂದು ಎಂಬಂತಾಗುವ ಸಂಭವವಿದೆ. ಆದ್ದರಿಂದ ಸರ್ವರ್‌ನೊಳಗೇ ಒಂದು ನಿರ್ವಹಣಾ ಮಾದರಿಯನ್ನು ಇರಿಸಿ, ಕನ್ಸೋಲ್ ಅದರೊಡನೆ ಮಾತ್ರ ವ್ಯವಹರಿಸುವಂತೆ ಮಾಡುವುದು ಉತ್ತಮ ಕ್ರಮ.

2011ರಲ್ಲಿ ಬಿಡುಗಡೆಯಾದ ಜೆಬಾಸ್ 7ನೇ ಆವೃತ್ತಿ ಇದಕ್ಕೆ ಒಳ್ಳೆಯ ಉದಾಹರಣೆ. ಮುಂದೆ 2014ರಿಂದ ಇದೇ ಸರ್ವರ್ ವೈಲ್ಡ್‌ಫ್ಲೈ ಎಂಬ ಹೆಸರಿನಿಂದ ಬರತೊಡಗಿತು. ಇದರಲ್ಲಿ ಸರ್ವರ್‌ನ ಪ್ರತಿಯೊಂದು ಅಂಗವೂ ಮರದ ಕೊಂಬೆಗಳಂತೆ ಜೋಡಿಸಿದ ಸಂಪನ್ಮೂಲವಾಗಿದ್ದು, ಪ್ರತಿ ಸಂಪನ್ಮೂಲಕ್ಕೂ ತನ್ನದೇ ಗುಣಗಳು, ಕ್ರಿಯೆಗಳು ಮತ್ತು ವಿವರಣೆ ಇರುತ್ತವೆ. ಬ್ರೌಸರ್‌ನ ಕನ್ಸೋಲ್, ಆದೇಶ ಸಾಲು ಹಾಗೂ ಎಚ್‌ಟಿಟಿಪಿ ಸಂಪರ್ಕ ಈ ಮೂರೂ ಅದೇ ಮರವನ್ನು ಮುಟ್ಟುತ್ತವೆ. ಪರದೆಯ ಮೇಲೆ ಗುಂಡಿ ಒತ್ತಿ ಮಾಡಿದ ಕೆಲಸವನ್ನು ನಾಳೆ ಆದೇಶ ಸಾಲಿನಿಂದಲೂ ಮಾಡಬಹುದು. ಬದಲಾವಣೆಯಾದಾಗ ಸರ್ವರ್ ತಾನೇ ಕಡತವನ್ನು ಬರೆದು, ಹಳೆಯ ಪ್ರತಿಗಳನ್ನು ಪ್ರತ್ಯೇಕ ಕಡತಕೋಶದಲ್ಲಿ ಉಳಿಸುತ್ತದೆ. ಕೆಲವು ಬದಲಾವಣೆಗಳು ಕೂಡಲೇ ಜಾರಿಗೆ ಬರುವುದಿಲ್ಲ. ಅಂತಹ ಸಂದರ್ಭದಲ್ಲಿ ಮರುಲೋಡ್ ಅಥವಾ ಮರುಪ್ರಾರಂಭ ಅಗತ್ಯವೆಂದು ಸರ್ವರ್ ತಿಳಿಸುತ್ತದೆ.

ಬದಲಾವಣೆಯ ಕ್ರಮ

ಒಂದೇ ಹಾಜರಿ ಪುಸ್ತಕದಲ್ಲಿ ಇಬ್ಬರು ಶಿಕ್ಷಕರು ಏಕಕಾಲಕ್ಕೆ ಬರೆಯಹೊರಟರೆ ಆಗುವ ಗೊಂದಲ ಇಲ್ಲಿಯೂ ಆಗಬಹುದು. ವೆಬ್‌ಲಾಜಿಕ್ ಸರ್ವರ್ ತನ್ನ 9ನೇ ಆವೃತ್ತಿಯಿಂದ ಇದಕ್ಕೊಂದು ಪರಿಹಾರ ಕಂಡುಕೊಂಡಿತು. ನೈಜ ಬಳಕೆಯ ವಿಧಾನದಲ್ಲಿ ನಡೆಯುವ ಸರ್ವರ್‌ನಲ್ಲಿ ಆಡಳಿತಗಾರನು ಮೊದಲು ‘ಲಾಕ್ ಅಂಡ್ ಎಡಿಟ್’ ಒತ್ತಿ ಬೀಗ ಪಡೆಯಬೇಕು. ಆತ ಮಾಡಿದ ತಿದ್ದುಪಡಿಗಳು ‘ಆಕ್ಟಿವೇಟ್ ಚೇಂಜಸ್’ ಒತ್ತುವವರೆಗೆ ಕಾದಿರುತ್ತವೆ. ಒತ್ತಿದ ಬಳಿಕ ಸಮೂಹದ ಸರ್ವರ್‌ಗಳಿಗೆ ಬದಲಾವಣೆಯನ್ನು ಕಳುಹಿಸಲಾಗುತ್ತದೆ. ಅವುಗಳಲ್ಲಿ ಒಂದು ಒಪ್ಪದಿದ್ದರೂ ಇಡೀ ಬದಲಾವಣೆಯನ್ನು ಹಿಂಪಡೆಯಲಾಗುತ್ತದೆ. ಹೊಸಬರಿಗೆ ಈ ಎರಡು ಹಂತಗಳು ಅನಗತ್ಯ ಕಿರಿಕಿರಿಯೆನಿಸಬಹುದು. ಆದರೆ ಅರ್ಧ ಬದಲಾದ ಸಮೂಹವನ್ನು ಸರಿಪಡಿಸುವ ಶ್ರಮದ ಮುಂದೆ ಇದು ಅಲ್ಪವೇ.

ಭದ್ರತೆ

ಕನ್ಸೋಲ್‌ನ ಇತಿಹಾಸದಲ್ಲಿ ಹೆಚ್ಚು ಪಾಠ ಕಲಿಸಿದ ದೋಷ ಹಳೆಯ ಜೆಬಾಸ್‌ನ ಜೆಎಂಎಕ್ಸ್ ಕನ್ಸೋಲ್‌ನಲ್ಲಿ ಕಂಡುಬಂತು. ಇದನ್ನು ಸಿವಿಇ-2010-0738 ಎಂದು ಗುರುತಿಸಲಾಗಿದೆ. ಕನ್ಸೋಲ್‌ಗೆ ಗುಪ್ತಪದದ ರಕ್ಷಣೆ ಇತ್ತು. ಆದರೆ ರಕ್ಷಣೆಯ ನಿಯಮ ಬರೆದವರು ಅದು ‘ಗೆಟ್’ ಮತ್ತು ‘ಪೋಸ್ಟ್’ ಎಂಬ ಎರಡು ಬಗೆಯ ಕೋರಿಕೆಗಳಿಗೆ ಅನ್ವಯಿಸುತ್ತದೆಂದು ಹೆಸರಿಸಿದ್ದರು. ಎಚ್‌ಟಿಟಿಪಿಯಲ್ಲಿ ಬೇರೆ ಬಗೆಯ ಕೋರಿಕೆಗಳೂ ಇವೆ. ಪುಟದ ತಲೆಭಾಗದ ಮಾಹಿತಿಯನ್ನಷ್ಟೇ ಕೇಳುವ ‘ಹೆಡ್’ ಅವುಗಳಲ್ಲಿ ಒಂದು. ಸರ್ವರ್ ಹೆಡ್ ಕೋರಿಕೆಯನ್ನು ಗೆಟ್‌ನಂತೆಯೇ ನಡೆಸುತ್ತಿದ್ದುದರಿಂದ, ಅದನ್ನು ಕಳುಹಿಸಿದವರು ಗುಪ್ತಪದವಿಲ್ಲದೆಯೇ ಆಡಳಿತ ಕ್ರಿಯೆಗಳನ್ನು ಮಾಡಿಸಬಹುದಾಗಿತ್ತು. ನಿಯಮದಲ್ಲಿ ಯಾವ ಬಗೆಯನ್ನೂ ಹೆಸರಿಸದಿದ್ದರೆ ಅದು ಎಲ್ಲ ಕೋರಿಕೆಗಳಿಗೂ ಅನ್ವಯಿಸುತ್ತದೆ. ಆದ್ದರಿಂದ ಆ ಎರಡು ಸಾಲುಗಳನ್ನು ಅಳಿಸುವುದೇ ಪರಿಹಾರವಾಯಿತು. ಇಲ್ಲಿ ಇನ್ನೊಂದು ತಪ್ಪೂ ಅಡಗಿತ್ತು. ಮಾಹಿತಿ ಓದಲೆಂದಿರುವ ಗೆಟ್ ಕೋರಿಕೆಯಿಂದ ಸರ್ವರ್‌ನ ಸ್ಥಿತಿಯನ್ನೇ ಬದಲಿಸಲು ಅವಕಾಶವಿತ್ತು. ಕನ್ಸೋಲ್ ರೂಪಿಸುವವರು ಓದುವ ಕೋರಿಕೆಯನ್ನೂ ಬದಲಿಸುವ ಕೋರಿಕೆಯನ್ನೂ ಬೇರೆಬೇರೆಯಾಗಿ ಇಡಬೇಕು.

ದೋಷವನ್ನು 2010ರಲ್ಲೇ ಸರಿಪಡಿಸಲಾಗಿದ್ದರೂ ಅನೇಕ ಸರ್ವರ್‌ಗಳು ಹಳೆಯ ಸ್ಥಿತಿಯಲ್ಲೇ ಉಳಿದಿದ್ದವು. 2016ರಲ್ಲಿ ಸ್ಯಾಮ್‌ಸ್ಯಾಮ್ ಎಂಬ ಸುಲಿಗೆ ತಂತ್ರಾಂಶವನ್ನು ಹರಡಿದವರು ಜೆಬಾಸ್‌ನ ಇಂತಹ ಹಳೆಯ ದೋಷಗಳನ್ನು ಬಳಸಿಕೊಂಡರು. ತೊಂದರೆಗೀಡಾದವುಗಳಲ್ಲಿ ಆಸ್ಪತ್ರೆಗಳೂ ಇದ್ದವು. 2020ರ ಅಕ್ಟೋಬರ್‌ನಲ್ಲಿ ವೆಬ್‌ಲಾಜಿಕ್‌ನ ಕನ್ಸೋಲ್‌ನಲ್ಲೂ ಲಾಗಿನ್ ಇಲ್ಲದೆ ಒಳಹೋಗಬಹುದಾದ ದೋಷ, ಸಿವಿಇ-2020-14882, ಬಹಿರಂಗವಾಯಿತು. ಅದರ ತಿದ್ದುಪಡಿಯನ್ನೂ ತಪ್ಪಿಸಿಕೊಳ್ಳುವ ದಾರಿ ಕೆಲವೇ ದಿನಗಳಲ್ಲಿ ಪತ್ತೆಯಾಗಿ, ಒರಾಕಲ್ ಸಂಸ್ಥೆ ಮತ್ತೊಂದು ತುರ್ತು ತಿದ್ದುಪಡಿಯನ್ನು ನೀಡಬೇಕಾಯಿತು.

ಇಂದಿನ ವಿನ್ಯಾಸಗಳು ಆರಂಭದಲ್ಲೇ ಬಾಗಿಲು ಮುಚ್ಚಿರುವಂತೆ ನೋಡಿಕೊಳ್ಳುತ್ತವೆ. ವೈಲ್ಡ್‌ಫ್ಲೈನಲ್ಲಿ ಕನ್ಸೋಲ್ 9990ನೇ ಪೋರ್ಟ್‌ನಲ್ಲಿಯೂ ಅನ್ವಯಿಕ ತಂತ್ರಾಂಶಗಳು 8080ರಲ್ಲಿಯೂ ಇರುವುದರಿಂದ, ಮೊದಲನೆಯದನ್ನು ಹೊರಜಾಲಕ್ಕೆ ಮುಚ್ಚಿ ಎರಡನೆಯದನ್ನು ಮಾತ್ರ ತೆರೆಯುವುದು ಸುಲಭ. ಸಿದ್ಧ ಬಳಕೆದಾರ ಹೆಸರಾಗಲಿ ಗುಪ್ತಪದವಾಗಲಿ ಅದರಲ್ಲಿಲ್ಲ. ಅಪಾಚೆ ಟಾಮ್‌ಕ್ಯಾಟ್ ಪೂರ್ಣ ಪ್ರಮಾಣದ ಅಪ್ಲಿಕೇಶನ್ ಸರ್ವರ್ ಅಲ್ಲ, ಸರ್ವ್‌ಲೆಟ್ ಕಂಟೇನರ್. ಆದರೂ ವಿದ್ಯಾರ್ಥಿಗಳು ಮೊದಲು ಪರಿಚಯಿಸಿಕೊಳ್ಳಬಹುದಾದ ಕನ್ಸೋಲ್ ಅದರ ‘ಮ್ಯಾನೇಜರ್’. ಅದನ್ನು ತೆರೆಯುವ ಹಕ್ಕು ಆರಂಭದಲ್ಲಿ ಯಾರಿಗೂ ಇರುವುದಿಲ್ಲ. 7ನೇ ಆವೃತ್ತಿಯಿಂದ ಈ ಹಕ್ಕನ್ನು ನಾಲ್ಕು ಪಾತ್ರಗಳಾಗಿ ಒಡೆಯಲಾಗಿದ್ದು, ಪರದೆ ಬಳಸುವವರಿಗೆ ಸ್ಕ್ರಿಪ್ಟ್‌ನ ಪಾತ್ರವನ್ನು ಕೊಡಬಾರದೆಂದು ಕೈಪಿಡಿ ಎಚ್ಚರಿಸುತ್ತದೆ. ಪರದೆಗಿರುವ ನಕಲಿ ಕೋರಿಕೆಯ ವಿರುದ್ಧದ ರಕ್ಷಣೆ ಸ್ಕ್ರಿಪ್ಟ್‌ನ ದಾರಿಗೆ ಇಲ್ಲದಿರುವುದೇ ಇದಕ್ಕೆ ಕಾರಣ. ಐದು ಬಾರಿ ತಪ್ಪು ಗುಪ್ತಪದ ನೀಡಿದ ಖಾತೆಗೆ 300 ಸೆಕೆಂಡುಗಳ ತಡೆ ಬೀಳುತ್ತದೆ.

ವೆಬ್‌ಲಾಜಿಕ್‌ನ 14.1.2 ಆವೃತ್ತಿಯಲ್ಲಿ ಸರ್ವರ್‌ನೊಳಗಿನ ಹಳೆಯ ಕನ್ಸೋಲನ್ನು ತೆಗೆದುಹಾಕಲಾಗಿದೆ. ಅದರ ಸ್ಥಾನಕ್ಕೆ ಬಂದಿರುವ ರಿಮೋಟ್ ಕನ್ಸೋಲನ್ನು ಆಡಳಿತಗಾರನು ತನ್ನ ಗಣಕದಲ್ಲಿಯೇ ಸ್ಥಾಪಿಸಿಕೊಂಡು, ರೆಸ್ಟ್ ಸಂಪರ್ಕದ ಮೂಲಕ ಸರ್ವರನ್ನು ನಿರ್ವಹಿಸಬಹುದು.