ಪೇಡೆ ಬಿಡಿ, ಅಜ್ಜನ ಹೆಸರು ಒಯ್ಯಿರಿ

ನವನಗರದ ನಮ್ಮ ದೊಡ್ಡವ್ವನ ಪಾಲಿಗೆ ವಿದೇಶ ಎಂದರೆ ಎರಡೇ ಊರು. ಮಗ ಇರುವ ದುಬೈ ಒಂದು, ಬಾಸೆಲ್ ಇನ್ನೊಂದು. ಎರಡನೆಯದನ್ನು ಆಕೆ ಕಂಡವಳಲ್ಲ. ಆದರೂ ಸ್ನೇಹಿತರನ್ನು ನೋಡಲು ನಾನು ಆ ಕಡೆ ಹೊರಟಾಗ, "ಅಲ್ಲಿ ನಮ್ಮ ಸಭಾದವ್ರು ಅದಾರ, ಬರಿಗೈಲೆ ಹೋಗಬ್ಯಾಡ" ಎಂದು ಎರಡು ಕಿಲೋ ಪೇಡೆ ಕಟ್ಟಿಸಿದಳು. ಬೀಗರ ಊರಿಗೆ ಹೊರಟವರಿಗೆ ಬುತ್ತಿ ಕಟ್ಟಿದ ಹಾಗೆ.

ಬೀಗತನ ಹಳೆಯದೇ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿದ ಬಾಸೆಲ್ ಮಿಶನ್ 1834ರಲ್ಲಿ ಮೂವರನ್ನು ಮಂಗಳೂರಿಗೆ ಕಳಿಸಿತು. ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ತಲುಪಿತು. ಗದಗ-ಬೆಟಗೇರಿಯಲ್ಲಿ ಅವರು ಕಟ್ಟಿದ ಆಸ್ಪತ್ರೆಯನ್ನು ಜನ ಇಂದಿಗೂ ಕರೆಯುವುದು 'ಜರ್ಮನ್ ದವಾಖಾನೆ' ಎಂದೇ. ಸ್ವಿಸ್ ಸಂಸ್ಥೆಯ ದವಾಖಾನೆ ಜರ್ಮನ್ ಆದದ್ದು ಹೇಗೆ? ಬಂದವರಲ್ಲಿ ಬಹಳ ಮಂದಿ ಗಡಿಯಾಚೆಯ ವುರ್ಟೆಂಬರ್ಗ್ ಸೀಮೆಯವರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಅವರನ್ನು ಹಿಡಿದು ಕೂರಿಸಿ, ಆಮೇಲೆ ಹೊರಗಟ್ಟಿದ್ದೂ ಅದೇ ಕಾರಣಕ್ಕೆ. ಘಟ್ಟದ ಮೇಲಿನ ಅಂದಿನ ಸಭೆಗಳಲ್ಲಿ ಹೆಚ್ಚಿನವು ಈಗ ದಕ್ಷಿಣ ಭಾರತ ಸಭೆಯ (ಸಿಎಸ್‌ಐ) ಕರ್ನಾಟಕ ಉತ್ತರ ಸಭಾಪ್ರಾಂತದಲ್ಲಿವೆ. ಅದರ ಕೇಂದ್ರ ಧಾರವಾಡ.

ಪೇಡೆ ಬಾಸೆಲ್ ಮುಟ್ಟಲಿಲ್ಲ. ಹೊರದೇಶದ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ. ಯುರೋಪಿಯನ್ ಒಕ್ಕೂಟದಲ್ಲೂ ಸ್ವಿಟ್ಜರ್ಲೆಂಡಿನಲ್ಲೂ ಇದೇ ನಿಯಮ. ಸುಂಕದ ಅಧಿಕಾರಿ ಡಬ್ಬಿ ತೆರೆದು ಒಮ್ಮೆ ಮೂಸಿದ, ಹಾಗೇ ಮುಚ್ಚಿ ಬುಟ್ಟಿಗೆ ಹಾಕಿದ. ಉಳಿದದ್ದು ಕಡಕ್ ರೊಟ್ಟಿ, ಶೇಂಗಾ ಚಟ್ನಿ.

ಬಾಸೆಲ್‌ನ ಹಳೆಯ ಊರಬಾಗಿಲು ಸ್ಪಾಲೆಂಟೋರ್. ಅದನ್ನು ದಾಟಿದರೆ ಮಿಶನ್ ಬೀದಿ. ಅಲ್ಲಿ 21ನೇ ನಂಬರಿನದು 1860ರ ಮಿಶನ್ ಮನೆ. ಬಾಸೆಲ್ ಮಿಶನ್ ಇನ್ನೂ ಕೆಲವು ಸಂಸ್ಥೆಗಳೊಡನೆ ಕೂಡಿ 2001ರಲ್ಲಿ 'ಮಿಶನ್ 21' ಆಯಿತು. ಬಹುಪಾಲು ರೈತರ, ಕಸುಬುದಾರರ ಮಕ್ಕಳು ಈ ಮಿಶನ್ ಮನೆಯಲ್ಲಿ ಕಲಿತು ಹಡಗು ಹತ್ತುತ್ತಿದ್ದರು. ಅವರ ಖರ್ಚಿಗೆ ಹಣ ಎಲ್ಲಿಯದು? 1855ರಲ್ಲಿ 'ಅರ್ಧ ಬಾಟ್ಸನ್' ವಂತಿಗೆ ಶುರುವಾಯಿತು. ಬಡ ಮನೆಗಳೂ ವಾರಕ್ಕೆ ಅಷ್ಟು ಚಿಲ್ಲರೆ ಕೊಡುತ್ತಿದ್ದವು. ನಮ್ಮ ಸುಗ್ಗಿ ಹಬ್ಬದಲ್ಲಿ ಒಂದು ಕುಂಬಳಕಾಯಿಯನ್ನು ಸವಾಲಿಗಿಟ್ಟು ಸಭೆಗೆ ದುಡ್ಡು ಕೂಡಿಸುತ್ತೇವಲ್ಲ, ಆ ಜಾತಿಯದೇ ಲೆಕ್ಕ.

ಈ ಸಂಸ್ಥೆಯ ನಿಜವಾದ ಆಸ್ತಿ ಅದರ ಪತ್ರಾಗಾರ. ಒಂದೊಂದು ಠಾಣೆಯಿಂದ ವರ್ಷವರ್ಷ ಹೋದ ವರದಿ, ಕಾಗದ, ನಕಾಶೆ, ಸಾವಿರಾರು ಫೋಟೋ. ಮದುವೆಯ ಕಾಗದಗಳಂತೂ ಕಾದಂಬರಿಗೆ ಸಾಕು. ಹೊಸ ಪಾದ್ರಿ ಒಂಟಿಯಾಗಿ ಬರಬೇಕು. ಲಗ್ನಕ್ಕೆ ಬಾಸೆಲ್‌ನ ಕಮಿಟಿ ಒಪ್ಪಬೇಕು. ಆಮೇಲೆ ಕನ್ಯೆ ಹಡಗಿನಲ್ಲಿ ಬರಬೇಕು. ಕೆಲವರು ಒಬ್ಬರ ಮುಖ ಒಬ್ಬರು ಕಂಡದ್ದೇ ಭಾರತದ ದಂಡೆಯ ಮೇಲೆ. ನಮ್ಮ ಹೆಣ್ಣು ನೋಡುವ ಶಾಸ್ತ್ರದಲ್ಲಿ ಉಪ್ಪಿಟ್ಟಾದರೂ ಸಿಗುತ್ತದೆ.

ಆದರೆ ಆ ಕಾಗದಗಳಲ್ಲಿ ಮಾತಾಡುವವರು ಬಹುತೇಕ ಪಾದ್ರಿಗಳೇ. ನಮ್ಮ ಅಜ್ಜ-ಮುತ್ತಜ್ಜರು ಅಲ್ಲಿ ದೀಕ್ಷಾಸ್ನಾನದ ಲೆಕ್ಕದಲ್ಲಿ ಒಂದು ಅಂಕಿ, ಇಲ್ಲವೇ ಫೋಟೋದ ಹಿಂದಿನ ಸಾಲಿನಲ್ಲಿ ಹೆಸರಿಲ್ಲದ ಮುಖ. ನೋಡುತ್ತ ಕೂತಾಗ ನನಗೆ ಹೆಮ್ಮೆಗಿಂತ ಕಸಿವಿಸಿಯೇ ಹೆಚ್ಚಾಯಿತು.

ಬಾಸೆಲ್‌ನಿಂದ ರೈಲು ಹಿಡಿದರೆ ಅದೇ ದಿನ ಟ್ಯೂಬಿಂಗೆನ್. ಅಲ್ಲಿನ ವಿಶ್ವವಿದ್ಯಾಲಯ 1858ರಲ್ಲಿ ಮೊಗ್ಲಿಂಗ್ ಅವರಿಗೆ, 1896ರಲ್ಲಿ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಇಬ್ಬರೂ ಬಾಸೆಲ್ ಮಿಶನ್ನಿನ ಪಾದ್ರಿಗಳು, ಇಬ್ಬರದೂ ಕನ್ನಡದ ದುಡಿಮೆ. ಹೆಂಡತಿ ಮಕ್ಕಳನ್ನು ಜರ್ಮನಿಯಲ್ಲೇ ಬಿಟ್ಟು 1883ರಲ್ಲಿ ಮತ್ತೆ ಬಂದ ಕಿಟೆಲ್ ತಮ್ಮ ಕನ್ನಡ ನಿಘಂಟಿಗಾಗಿ ದುಡಿದರು. 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು. 1903ರಲ್ಲಿ ಅವರು ತೀರಿಕೊಂಡದ್ದು ಟ್ಯೂಬಿಂಗೆನ್‌ನಲ್ಲಿ.

ಭಾನುವಾರ ಸ್ನೇಹಿತರು ತಮ್ಮ ಚರ್ಚಿಗೆ ಕರೆದೊಯ್ದರು. ಆ ದೊಡ್ಡ ಕಟ್ಟಡದಲ್ಲಿ ಇದ್ದವರು ಮೂವತ್ತು ಜನ, ಬಹುತೇಕ ನರೆಗೂದಲಿನವರು. ಆರ್ಗನ್ ಶುರುವಾಯಿತು, ದೇವರನ್ನು ಕೋಟೆ ಎಂದು ಹಾಡುವ ಲೂಥರನ ಕೀರ್ತನೆಯ ಧಾಟಿ. ನನಗೆ ಜರ್ಮನ್ ಬಾರದು, ಧಾಟಿ ಬಾಯಿಪಾಠ. ಕನ್ನಡದಲ್ಲೇ ಹಾಡಿದೆ. ಪಕ್ಕದ ಅಜ್ಜಿ ತಿರುಗಿ ನೋಡಿ ದನಿ ಇನ್ನಷ್ಟು ಏರಿಸಿದರು. ಆರಾಧನೆ ಮುಗಿದ ಮೇಲಿನ ಕಾಫಿಗೆ ಕಡಕ್ ರೊಟ್ಟಿ ಮುರಿದಿಟ್ಟೆ. ಚಟ್ನಿಯನ್ನು ಒಬ್ಬರು ಕಾಫಿಯಲ್ಲಿ ಅದ್ದುವುದರಲ್ಲಿದ್ದರು, ತಡೆದೆ.

ನೀವೂ ಹೋಗುವವರಿದ್ದರೆ ನನ್ನದೊಂದು ಕೇಳಿಕೆ. ಹೊರಡುವ ಮೊದಲು ಸಭಾಪಾಲಕರನ್ನು ಕೇಳಿ ನಿಮ್ಮ ಸಭೆಯ ಹಳೆಯ ದೀಕ್ಷಾಸ್ನಾನದ ರಿಜಿಸ್ಟರ್ ತೆರೆಸಿರಿ. ಅಜ್ಜ-ಅಜ್ಜಿಯರ ಹೆಸರು, ಊರು, ವರ್ಷ ಬರೆದುಕೊಳ್ಳಿರಿ. ಮನೆಯ ಟ್ರಂಕಿನಲ್ಲಿರುವ ಹಳೆಯ ಫೋಟೋಗಳ ನಕಲು ತೆಗೆಸಿರಿ. ಪತ್ರಾಗಾರಕ್ಕೆ ಮೊದಲೇ ಪತ್ರ ಬರೆದು ದಿನ ಗೊತ್ತು ಮಾಡಿಕೊಳ್ಳಿರಿ. ಅಲ್ಲಿನ ಹಳೆಯ ಕಾಗದಗಳಲ್ಲಿ ನಮ್ಮ ಧಾರವಾಡ 'ಧಾರ್ವಾರ್', ಹಾಗೆಯೇ ಹುಡುಕಿರಿ. ಹಿಂದಿನ ಸಾಲಿನ ಮುಖಗಳಲ್ಲಿ ಒಂದರ ಗುರುತು ಹತ್ತಿದರೂ ಹೆಸರು ಬರೆಸಿ ಬನ್ನಿರಿ.