ಏಸಿ ಗ್ಯಾಸು ಬೆರಳು ಸುಟ್ಟಾಗ

2024ರ ಏಪ್ರಿಲ್ 28ರಂದು ಬೆಂಗಳೂರಿನ ಉಷ್ಣತೆ 38.5 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಒಂದು ಕಾಲಕ್ಕೆ ಫ್ಯಾನೂ ಬೇಡವೆನ್ನುತ್ತಿದ್ದ ಜಯನಗರ, ಬನಶಂಕರಿಯ ಹಳೆಯ ಮನೆಗಳಿಗೂ ಆ ಬೇಸಿಗೆಯಲ್ಲಿ ಏಸಿ ಬಂತು. ಅದೇ ದಿನಗಳಲ್ಲಿ ಪಕ್ಕದ ಬೀದಿಯಲ್ಲಿ ಏಸಿ ಕೂರಿಸುತ್ತಿದ್ದ ಹುಡುಗನೊಬ್ಬ ನನ್ನ ಕ್ಲಿನಿಕ್ಕಿಗೆ ಬಂದ. ಬಲಗೈಯ ಎರಡು ಬೆರಳ ತುದಿಗಳು ಮೇಣದಂತೆ ಬಿಳುಚಿದ್ದವು. ಮೇಲೆ ಟೂತ್‌ಪೇಸ್ಟ್ ಮೆತ್ತಿತ್ತು.

‘ಏನಿಲ್ಲ ಸಾರ್, ಗ್ಯಾಸ್ ಹೊಡೀತು. ಮನೆಯ ಅಮ್ಮ ಪೇಸ್ಟ್ ಹಚ್ಚಿದ್ರು. ಈಗ ನೋವೇ ಇಲ್ಲ’ ಎಂದ. ನನಗೆ ಚಿಂತೆಯಾದದ್ದು ಆ ನೋವಿಲ್ಲದಿರುವಿಕೆಯೇ. ಸುಟ್ಟದ್ದು ಬೆಂಕಿಯಲ್ಲ, ಚಳಿ. ಎಂ.ಬಿ.ಬಿ.ಎಸ್. ಓದುವಾಗ ಇದನ್ನು ಹಿಮಾಲಯದಲ್ಲಿ ಕಾವಲಿರುವ ಸೈನಿಕರ ಕಾಯಿಲೆ ಎಂದು ಓದಿ ಮುಗಿಸಿದ್ದೆವು.

ಹೀಗಾಗುವ ಬಗೆ ಇಷ್ಟು. ಹೊಸ ಸ್ಪ್ಲಿಟ್ ಏಸಿಯ ಗ್ಯಾಸು ಹೊರಗಿನ ಯೂನಿಟ್ಟಿನಲ್ಲಿ ಒತ್ತಡದಲ್ಲಿ ತುಂಬಿ ಬಂದಿರುತ್ತದೆ. ಒಳಗಿನ ಯೂನಿಟ್ಟಿನಿಂದ ಎರಡು ತಾಮ್ರದ ಪೈಪುಗಳನ್ನು ತಂದು, ತುದಿ ಅಗಲಿಸಿ, ನಟ್ಟು ಬಿಗಿದು ಜೋಡಿಸುತ್ತಾರೆ. ಆಮೇಲೆ ವ್ಯಾಕ್ಯೂಮ್ ಪಂಪಿನಿಂದ ಪೈಪಿನೊಳಗಿನ ಗಾಳಿ, ತೇವವನ್ನು ಎಳೆದು ವಾಲ್ವ್ ತೆರೆಯಬೇಕು. ಅವಸರವಿದ್ದಾಗ ಪಂಪು ಹಚ್ಚದೆ, ಒಂದು ನಟ್ಟು ಸಡಿಲ ಬಿಟ್ಟು, ವಾಲ್ವ್ ತುಸು ತಿರುವಿ ಗ್ಯಾಸಿನಿಂದಲೇ ಗಾಳಿಯನ್ನು ಹೊರದೂಡುವ ಅಡ್ಡದಾರಿ ಉಂಟು. ಈ ಹುಡುಗ ಮಾಡಿದ್ದೂ ಅದನ್ನೇ. ಈಗಿನ ಅನೇಕ ಏಸಿಗಳಲ್ಲಿರುವ ಆರ್-32 ಕುದಿಯುವುದು ಸೊನ್ನೆಗಿಂತ 52 ಡಿಗ್ರಿ ಕೆಳಗೆ. ಅದರ ದ್ರವ ಚರ್ಮಕ್ಕೆ ತಾಗಿದೊಡನೆ ಅಲ್ಲಿನ ಶಾಖವನ್ನೆಲ್ಲ ಹೀರಿ ಆವಿಯಾಗುತ್ತದೆ. ಜೀವಕೋಶಗಳೊಳಗಿನ ನೀರು ಹೆಪ್ಪುಗಟ್ಟುತ್ತದೆ. ನರವೂ ಮರಗಟ್ಟುವುದರಿಂದ ಮೊದಲು ನೋವಿರುವುದಿಲ್ಲ. ಉರಿ, ಊತ, ಬೊಬ್ಬೆ ಬರುವುದು ಆಮೇಲೆ.

ಆಗ ಮನೆಯವರು ಮಾಡಬೇಕಾದುದು ಸುಲಭ. ಉಂಗುರ, ವಾಚು ತೆಗೆಯಿರಿ. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಕೀಳಬೇಡಿ, ನೀರಿನಲ್ಲಿ ನೆನೆಸಿ ಬಿಡಿಸಿ. ಮಗುವಿನ ಸ್ನಾನಕ್ಕೆ ಹದವಾದಷ್ಟು, ಅಂದರೆ 37ರಿಂದ 39 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಸುಮಾರು ಅರ್ಧ ಗಂಟೆ ಬೆರಳು ಅದ್ದಿಡಿ. ಬಿಸಿ ಎಷ್ಟೆಂದು ನೀವು ನೋಡಿ. ಮರಗಟ್ಟಿದ ಕೈಗೆ ಅದು ತಿಳಿಯದು. ಉಜ್ಜುವುದು, ಒಲೆಗೆ ಹಿಡಿಯುವುದು, ಪೇಸ್ಟು, ಅರಿಸಿನ, ಬೆಣ್ಣೆ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ. ಶುಭ್ರ ಬಟ್ಟೆ ಸಡಿಲವಾಗಿ ಸುತ್ತಿ ವೈದ್ಯರಲ್ಲಿಗೆ ಕಳಿಸಿ. ಧನುರ್ವಾತದ ಚುಚ್ಚುಮದ್ದು ಬೇಕಾಗಬಹುದು. ಕಣ್ಣಿಗೆ ಸಿಡಿದಿದ್ದರೆ ಕಾಲು ಗಂಟೆ ನಲ್ಲಿ ನೀರಿನಿಂದ ತೊಳೆದು, ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಒಯ್ಯಿರಿ.

ಗಾಯವಷ್ಟೇ ಅಲ್ಲ, ಉಸಿರಿನ ಮಾತೂ ಇದೆ. ಈ ಗ್ಯಾಸು ಗಾಳಿಗಿಂತ ಭಾರ. ಮುಚ್ಚಿದ ಚಿಕ್ಕ ಕೋಣೆಯಲ್ಲಿ ಸೋರಿದರೆ ನೆಲಮಟ್ಟದಲ್ಲಿ ತುಂಬಿಕೊಂಡು ಆಮ್ಲಜನಕದ ಪಾಲನ್ನು ತಗ್ಗಿಸುತ್ತದೆ, ತಲೆಸುತ್ತು ಬರಬಹುದು. ಹಳೆಯ ಆರ್-22 ಸುಲಭಕ್ಕೆ ಹೊತ್ತಿಕೊಳ್ಳುತ್ತಿರಲಿಲ್ಲ. ಗಾಳಿ ದೂಡುವ ಆ ಅಭ್ಯಾಸ ಅದರ ಕಾಲದ್ದಿರಬೇಕು. ಆರ್-32 ಹಾಗಲ್ಲ, ಹೊತ್ತಿಕೊಳ್ಳಬಲ್ಲದು. ಕೆಲವು ಏಸಿಗಳಲ್ಲಿರುವ ಆರ್-290 ಎಂದರೆ ಪ್ರೋಪೇನ್, ಅಡುಗೆ ಅನಿಲದ ಒಡಹುಟ್ಟು. ಗ್ಯಾಸು ಉಳಿದ ಪೈಪಿಗೆ ಬೆಸುಗೆಯ ಬೆಂಕಿ ಹಿಡಿದರೆ ಮೂಗು ಸುಡುವ ವಿಷದ ಹೊಗೆ ಏಳುತ್ತದೆ. ಅದನ್ನು ಕುಡಿದವರಿಗೆ ಏದುಸಿರು ಗಂಟೆಗಳ ನಂತರವೂ ಕಾಣಿಸಬಹುದು; ಆದ್ದರಿಂದ ಅಂಥವರನ್ನು ಆಸ್ಪತ್ರೆಗೆ ಕಳಿಸಿ, ಒಬ್ಬರನ್ನೇ ಮಲಗಲು ಬಿಡಬೇಡಿ.

ಬಿ.ಟಿ.ಎಂ. ಲೇಔಟಿನಂಥ ಕಡೆ ಬಾಡಿಗೆಯವರು ಮನೆ ಬದಲಿಸಿದಾಗಲೆಲ್ಲ ಏಸಿಯೂ ಜೊತೆಗೆ ಹೊರಡುತ್ತದೆ. ಪೈಪು ಬಿಚ್ಚುವಾಗಲೂ ಇದೇ ಅಪಾಯ. ಕೆಲಸದವನು ಬಂದಾಗ ಕಿಟಕಿ ತೆರೆಯಿರಿ, ದೇವರ ದೀಪ ಆರಿಸಿ, ಮಕ್ಕಳನ್ನು ಆಚೆ ಕಳಿಸಿ. ಕೈಗವಸು, ಕನ್ನಡಕ, ವ್ಯಾಕ್ಯೂಮ್ ಪಂಪು ತಂದಿದ್ದಾನೆಯೇ ಕೇಳಿ. ಸೋರಿಕೆ ಪರೀಕ್ಷೆಗೆ ಪೈಪಿಗೆ ತುಂಬಬೇಕಾದ್ದು ನೈಟ್ರೋಜನ್. ಆಕ್ಸಿಜನ್ ತುಂಬಿದರೆ ಕಂಪ್ರೆಸರ್ ಎಣ್ಣೆಯೊಡನೆ ಸೇರಿ ಸಿಡಿಯುತ್ತದೆ. ‘ಬೇಗ ಮುಗಿಸಪ್ಪಾ, ನೆಂಟರು ಬರ್ತಾರೆ’ ಎಂದು ಅವಸರಪಡಿಸುವವರು ನಾವೇ ಅಲ್ಲವೇ?

ಹುಡುಗನ ಬೆರಳು ಮೂರು ವಾರದಲ್ಲಿ ಮಾಗಿತು. ಫ್ರಿಜ್ಜಿನ ನೀರಿನ ಬಾಟಲಿ ಹಿಡಿದರೆ ಆ ಎರಡು ತುದಿಗಳು ಈಗಲೂ ಜುಮ್ಮೆನ್ನುತ್ತವಂತೆ.