ಆಮ್ಲಜನಕದ ಜಾಗದಲ್ಲಿ ಗಂಧಕ

ಗರ್ಟ್ರೂಡ್ ಎಲಿಯನ್ 1944ರಲ್ಲಿ ನ್ಯೂಯಾರ್ಕ್ ಬಳಿಯ ಟಕಾಹೋದಲ್ಲಿದ್ದ ಬರೋಸ್ ವೆಲ್‌ಕಮ್ ಪ್ರಯೋಗಾಲಯಕ್ಕೆ ಸೇರಿದಾಗ, ಡಿಎನ್‌ಎ ಜೋಡಿಸುರುಳಿಯೆಂದು ತಿಳಿಯಲು ಇನ್ನೂ ಒಂಬತ್ತು ವರ್ಷ ಬಾಕಿಯಿತ್ತು. ಅವರಿಗೆ ಪಿಎಚ್‌.ಡಿ ಇರಲಿಲ್ಲ. ತಮಗೆ ಹದಿನೈದು ವರ್ಷವಿದ್ದಾಗ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡ ಅಜ್ಜನ ನೋವು ಮಾತ್ರ ಮನಸ್ಸಿನಿಂದ ಮಾಸಿರಲಿಲ್ಲ.

ಅಲ್ಲಿದ್ದ ಜಾರ್ಜ್ ಹಿಚಿಂಗ್ಸ್ ಅವರ ತರ್ಕ ಸರಳ. ಜೀವಕೋಶ ಎರಡಾಗುವ ಮೊದಲು ಹೊಸ ಡಿಎನ್‌ಎ ಕಟ್ಟಿಕೊಳ್ಳಲೇಬೇಕು. ಅದಕ್ಕೆ ಅಡಿನಿನ್, ಗ್ವಾನಿನ್‌ನಂಥ ಸಾರಜನಕ ಪ್ರತ್ಯಾಮ್ಲಗಳು ಬೇಕು. ಬಿಡುವಿಲ್ಲದೆ ಹೆಚ್ಚುವ ಕ್ಯಾನ್ಸರ್ ಕೋಶಕ್ಕೆ ಅವುಗಳ ನಕಲನ್ನೇ ಉಣಿಸಿದರೆ? ಎಲಿಯನ್ ಪಾಲಿಗೆ ಬಂದದ್ದು ಪ್ಯೂರಿನ್‌ಗಳು, ಅಂದರೆ ಇಂಗಾಲ–ಸಾರಜನಕಗಳ ಎರಡು ಉಂಗುರ ಬೆಸೆದುಕೊಂಡ ಅಣುಗಳು. 1951ರ ಹೊತ್ತಿಗೆ ಅಂಥ ನೂರಕ್ಕೂ ಹೆಚ್ಚು ಸಂಯುಕ್ತಗಳನ್ನು ಒಂದು ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಿಯಾಗಿತ್ತು. ಹೈಪೋಕ್ಸಾಂಥಿನ್ ಎಂಬ ಪ್ಯೂರಿನ್‌ನ ಆರನೆಯ ಸ್ಥಾನದ ಆಮ್ಲಜನಕವನ್ನು ತೆಗೆದು ಗಂಧಕ ಇಟ್ಟಾಗ ಬ್ಯಾಕ್ಟೀರಿಯಾದ ಬೆಳವಣಿಗೆ ನಿಂತಿತು. ಅದೇ 6-ಮರ್ಕ್ಯಾಪ್ಟೊಪ್ಯೂರಿನ್.

ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಅದು ಕೆಲಸ ಮಾಡುವ ಬಗೆ. ಈ ನಕಲಿ ಪ್ರತ್ಯಾಮ್ಲ ಒಂಟಿಯಾಗಿ ಹೆಚ್ಚೇನೂ ಮಾಡಲಾರದು. ರೈಬೋಸ್ ಸಕ್ಕರೆಯೂ ಫಾಸ್ಫೇಟೂ ಕೂಡಿ ನ್ಯೂಕ್ಲಿಯೋಟೈಡ್ ಆದ ಮೇಲೆಯೇ ಅದಕ್ಕೆ ಬಲ. ಹಳೆಯ ಪ್ಯೂರಿನ್‌ಗಳನ್ನು ಮರುಬಳಕೆಗೆ ಸಜ್ಜುಗೊಳಿಸುವ ಕಿಣ್ವವೊಂದು ಕೋಶದಲ್ಲಿದೆ. ಗಂಧಕದ ವ್ಯತ್ಯಾಸವನ್ನು ಗುರುತಿಸದೆ ಅದು ಸಕ್ಕರೆ, ಫಾಸ್ಫೇಟ್ ಎರಡನ್ನೂ ಜೋಡಿಸಿಬಿಡುತ್ತದೆ. ಆಗ ಆ ನ್ಯೂಕ್ಲಿಯೋಟೈಡ್ ಹೊಸ ಪ್ಯೂರಿನ್ ತಯಾರಿಕೆಯನ್ನೇ ತಡೆಯುತ್ತದೆ. ಇನ್ನಷ್ಟು ರೂಪಾಂತರಗೊಂಡು ಡಿಎನ್‌ಎಯೊಳಗೂ ಸೇರಿ ಕೆಡಿಸುತ್ತದೆ. ಔಷಧವನ್ನು ಪೂರ್ತಿ ಮಾಡುವುದು ರೋಗದ ಕೋಶವೇ. ಆ ಕಿಣ್ವ ಕಳೆದುಕೊಂಡ ಕೋಶಗಳಿಗೆ ಔಷಧ ನಾಟುವುದಿಲ್ಲ.

ಈ ಔಷಧ ಕೊಟ್ಟಾಗ ತೀವ್ರ ರಕ್ತ ಕ್ಯಾನ್ಸರ್‌ ಇದ್ದ ಮಕ್ಕಳಲ್ಲಿ ಕೆಲವರ ರೋಗಲಕ್ಷಣಗಳು ಪೂರ್ತಿ ಮರೆಯಾದವು. 1953ರಲ್ಲಿ, ತಯಾರಾದ ಎರಡೇ ವರ್ಷಕ್ಕೆ, ಅಮೆರಿಕದ ಅನುಮತಿ ದೊರೆಯಿತು. ಆದರೆ ಬಹುಪಾಲು ಮಕ್ಕಳಲ್ಲಿ ರೋಗ ಮರುಕಳಿಸಿತು. ಆ ಸಂಕಟವನ್ನು ಮರೆತು ಈ ಕಥೆ ಹೇಳಬಾರದು. ಬೇರೆ ಔಷಧಗಳ ಜೊತೆ ಸೇರಿಸಿ, ವರ್ಷಗಟ್ಟಲೆ ಕೊಡುವ ಕ್ರಮ ರೂಪುಗೊಂಡ ಮೇಲೆಯೇ ಮಕ್ಕಳು ಗುಣವಾಗತೊಡಗಿದರು. ಇಂದಿಗೂ ಆ ಚಿಕಿತ್ಸೆಯಲ್ಲಿ ಈ ಮಾತ್ರೆ ಇದೆ.

ದೇಹದ ಇನ್ನೊಂದು ಕಿಣ್ವ, ಕ್ಸಾಂಥಿನ್ ಆಕ್ಸಿಡೇಸ್, ಈ ಔಷಧವನ್ನು ಬೇಗ ಹಾಳುಮಾಡುತ್ತಿತ್ತು. ಅದನ್ನು ತಡೆಯಲು ಹಿಚಿಂಗ್ಸ್, ಎಲಿಯನ್ ಅಲೋಪ್ಯೂರಿನಾಲ್ ಎಂಬ ಸಂಯುಕ್ತವನ್ನು ಬಳಸಿ ನೋಡಿದರು. ಪ್ಯೂರಿನ್‌ಗಳಿಂದ ಯೂರಿಕ್ ಆಮ್ಲ ತಯಾರಿಸುವುದೂ ಅದೇ ಕಿಣ್ವ. ಹಾಗಾಗಿ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲವೂ ಇಳಿಯಿತು. ಗೌಟ್‌ನಿಂದ ಕಾಲ್ಬೆರಳು ಊದಿಕೊಂಡು ನರಳುವವರಿಗೆ ವೈದ್ಯರು ಈಗಲೂ ಬರೆದುಕೊಡುವ ಮಾತ್ರೆ ಸಿಕ್ಕಿದ್ದು ಹೀಗೆ.